ಕುಂಟುವ ಮಗು: ಕಾಯಬಹುದಾದದ್ದು, ಕಾಯಬಾರದ್ದು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕು ಸೇರಿದರೆ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಇಲ್ಲಿನ ಅಂಗನವಾಡಿ, ಶಾಲೆಗಳಲ್ಲಿ ಮಕ್ಕಳ ಆರೋಗ್ಯ ತಪಾಸಣೆ ಮಾಡುವ ವೈದ್ಯ ನಾನು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ (ಆರ್‌ಬಿಎಸ್‌ಕೆ) ಪ್ರಕಾರ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ತಪಾಸಣೆಯ ತಂಡ ಹೋಗಬೇಕು. ಹೋದ ಕಡೆಯೆಲ್ಲ ಹಲ್ಲು, ಕಣ್ಣು, ರಕ್ತಹೀನತೆಯ ನಡುವೆ ಕಾಲು ಎಳೆದುಕೊಂಡು ಬರುವ ಮಗುವೊಂದು ಇದ್ದೇ ಇರುತ್ತದೆ. ಕೇಳಿದರೆ ಮನೆಯವರ ಉತ್ತರ ಹೆಚ್ಚುಕಡಿಮೆ ಒಂದೇ: "ಎಲ್ಲೋ ಬಿದ್ದಿದ್ದಾನೆ ಸಾರ್, ನಾಲ್ಕು ದಿನ ನೋಡೋಣ ಅಂತ."

"ನೋಡೋಣ" ಅನ್ನುವುದು ಕೆಲವು ಮಕ್ಕಳ ಮಟ್ಟಿಗೆ ಸರಿಯಾದ ಮಾತೇ. ಇನ್ನು ಕೆಲವರಿಗೆ ಅದೇ ಮಾತು ಜೀವನಪೂರ್ತಿ ಉಳಿಯುವ ಊನ ತರುತ್ತದೆ. ಎರಡನ್ನೂ ಬೇರೆ ಮಾಡುವುದಕ್ಕೆ ದೊಡ್ಡ ಯಂತ್ರ ಬೇಕಿಲ್ಲ, ಕ್ರಮವಾಗಿ ನೋಡುವ ಅಭ್ಯಾಸ ಬೇಕು. ಈ ಕೆಲಸದಲ್ಲಿ ನಾನು ಕಲಿತ ಪಾಠಗಳನ್ನು ಶಿಕ್ಷಕರು, ಅಂಗನವಾಡಿ ಕಾರ್ಯಕರ್ತೆಯರು, ಆಶಾ ಕಾರ್ಯಕರ್ತೆಯರು, ಅಪ್ಪ-ಅಮ್ಮಂದಿರು ಮತ್ತು ಈಗಷ್ಟೇ ಕೆಲಸಕ್ಕೆ ಸೇರಿದ ಕಿರಿಯ ವೈದ್ಯರಿಗಾಗಿ ಇಲ್ಲಿ ಬರೆದಿದ್ದೇನೆ.

1. ಮುಟ್ಟುವ ಮೊದಲು ನಡೆಸಿ ನೋಡಿ

ಮಗುವನ್ನು ನೇರವಾಗಿ ಮೇಜಿನ ಮೇಲೆ ಮಲಗಿಸಿದರೆ ಅರ್ಧ ವಿಷಯ ಕೈತಪ್ಪಿ ಹೋಗುತ್ತದೆ. ಶೂ, ಸಾಕ್ಸ್ ಬಿಚ್ಚಿಸಿ, ಪ್ಯಾಂಟು ಅಥವಾ ಲಂಗವನ್ನು ಮಂಡಿಯ ಮೇಲಕ್ಕೆ ಎತ್ತಿಸಿ, ಶಾಲೆಯ ಜಗಲಿಯಲ್ಲಿ ಆ ತುದಿಯಿಂದ ಈ ತುದಿಗೆ ನಡೆಸಿ. ನೀವು ಒಮ್ಮೆ ಹಿಂದಿನಿಂದ, ಒಮ್ಮೆ ಪಕ್ಕದಿಂದ ನೋಡಿ.

ನೋವಿರುವ ಕಾಲನ್ನು ಮಗು ನೆಲಕ್ಕೆ ತಾಗಿಸಿದ ಕೂಡಲೇ ಎತ್ತಿಬಿಡುತ್ತದೆ. ಆ ಹೆಜ್ಜೆ ಗಿಡ್ಡ, ಇನ್ನೊಂದು ಉದ್ದ. ನೋವಿಲ್ಲದೆ ಸೊಂಟದ ಕೀಲು ಜಾರಿದ್ದರೆ ಅಥವಾ ಅಲ್ಲಿನ ಸ್ನಾಯು ಸೋತಿದ್ದರೆ ಪ್ರತಿ ಹೆಜ್ಜೆಗೂ ಮೈ ಒಂದು ಬದಿಗೆ ವಾಲುತ್ತದೆ. ಎರಡೂ ಕಡೆ ಹಾಗಿದ್ದರೆ ಬಾತುಕೋಳಿಯ ನಡಿಗೆ. ಹಿಮ್ಮಡಿ ಊರದೆ ತುದಿಗಾಲಲ್ಲಿ ನಡೆದರೆ ಹಿಮ್ಮಡಿಯ ಗಾಯ, ಸ್ನಾಯುವಿನ ಬಿಗಿತ ಅಥವಾ ಮಿದುಳಿಗೆ ಸಂಬಂಧಿಸಿದ ತೊಂದರೆ ನೆನಪಾಗಬೇಕು. ಪಾದ ಜೋತುಬಿದ್ದು ಮಗು ಮಂಡಿಯನ್ನು ಎತ್ತೆತ್ತಿ ಇಡುತ್ತಿದ್ದರೆ ನರದ ಕಡೆ ಗಮನ ಹೋಗಬೇಕು.

ಇಲ್ಲಿ ಶಿಕ್ಷಕರ ಕಣ್ಣು ವೈದ್ಯರ ಕಣ್ಣಿಗಿಂತ ದೊಡ್ಡದು. ನಾವು ಮಗುವನ್ನು ನೋಡುವುದು ಐದು ನಿಮಿಷ. ಪ್ರಾರ್ಥನೆಯ ಸಾಲು, ಬಿಸಿಯೂಟದ ಪಂಕ್ತಿ, ಆಟದ ಬಯಲು ಮೂರರಲ್ಲೂ ನೋಡುವವರು ಅವರು. ಮಗು ಬೆಳಿಗ್ಗೆ ಹೆಚ್ಚು ಕುಂಟುತ್ತದೋ, ಸಂಜೆ ಆಟವಾದ ಮೇಲೋ? ಮೊದಲು ಓಡುತ್ತಿದ್ದ ಹುಡುಗಿ ಈಗ ಗೋಡೆಗೆ ಒರಗಿ ಕೂರುತ್ತಿದ್ದಾಳೆಯೇ? ಇದಕ್ಕೆ ಅವರು ಕೊಡುವ ಉತ್ತರಕ್ಕೆ ಎಕ್ಸ್‌ರೇಯಷ್ಟೇ ಬೆಲೆ ಇದೆ. ಶಾಲೆ ತಪ್ಪಿಸಿಕೊಳ್ಳಲು ನಾಟಕ ಮಾಡುತ್ತಿದ್ದಾನೆ ಎಂಬ ತೀರ್ಮಾನಕ್ಕೆ ಮಾತ್ರ ಯಾರೂ ಬೇಗ ಬರಬಾರದು. ಸಣ್ಣ ಮಕ್ಕಳು ಕಾರಣವಿಲ್ಲದೆ ದಿನಗಟ್ಟಲೆ ಕುಂಟುವುದಿಲ್ಲ.

2. ಪರೀಕ್ಷೆ ಅಂಗಾಲಿನಿಂದ ಶುರುವಾಗಲಿ

ನಮ್ಮದು ಬಯಲುಸೀಮೆ. ಶಿರಾದಿಂದ ಪಾವಗಡದವರೆಗೆ ಕೆರೆಯಂಗಳ, ಹಳ್ಳದ ದಡ, ಪಾಳುಬಿದ್ದ ಹೊಲಗಳಲ್ಲಿ ಬಳ್ಳಾರಿ ಜಾಲಿ ಹಬ್ಬಿದೆ. ಕುರಿ ಹಿಂದೆ ಹೋಗುವ, ಸೌದೆ ತರುವ, ಬರಿಗಾಲಲ್ಲಿ ಕ್ರಿಕೆಟ್ ಆಡುವ ಮಕ್ಕಳಿಗೆ ಅದರ ಮುಳ್ಳು ಚುಚ್ಚದ ವಾರವಿಲ್ಲ. ಹೊರಗೆ ಕಾಣುವ ಭಾಗವನ್ನು ಪಿನ್ನಿನಿಂದ ಕಿತ್ತು ತೆಗೆಯುತ್ತಾರೆ, ತುದಿ ಒಳಗೇ ಮುರಿದು ಉಳಿಯುತ್ತದೆ. ಗಾಯ ಮುಚ್ಚಿಕೊಳ್ಳುತ್ತದೆ, ಮುಳ್ಳು ಚುಚ್ಚಿದ್ದು ಮರೆತೂ ಹೋಗುತ್ತದೆ. ಕೆಲವು ವಾರಗಳ ನಂತರ ಪಾದವೋ ಮಂಡಿಯೋ ಊದಿಕೊಂಡಾಗ ಇದನ್ನು ವಾತವೆಂದೋ ಕ್ಷಯವೆಂದೋ ಹುಡುಕಲು ಹೊರಡುತ್ತೇವೆ.

ಎರಡು ಸಂಗತಿ ನೆನಪಿರಲಿ. ಮುಳ್ಳು ಮರದ ಚೂರಾದ್ದರಿಂದ ಸಾಮಾನ್ಯವಾಗಿ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಅಲ್ಟ್ರಾಸೌಂಡ್ ಮಾಡಿಸಿದರೆ ಕಾಣುವ ಸಾಧ್ಯತೆ ಹೆಚ್ಚು. ಎರಡನೆಯದು, ಒಂದೇ ಒಂದು ಕೀಲು ಊದಿ, ಮಾತ್ರೆಯಿಂದ ಇಳಿದು, ಮತ್ತೆ ಊದಿದರೆ "ಈ ಜಾಗಕ್ಕೆ ಯಾವತ್ತಾದರೂ ಮುಳ್ಳು ಚುಚ್ಚಿತ್ತಾ ಮಗಾ?" ಎಂದು ಮಗುವನ್ನೇ ಕೇಳಬೇಕು. ಅಪ್ಪ-ಅಮ್ಮನಿಗೆ ಗೊತ್ತಿಲ್ಲದ್ದು ಮಗುವಿಗೆ ಗೊತ್ತಿರುತ್ತದೆ.

ಬೆರಳ ಸಂದಿಯ ಹುಣ್ಣು, ಉಗುರು ಸುತ್ತು, ಸೀಳಿದ ಹಿಮ್ಮಡಿ, ಅಳತೆ ಸರಿಯಿಲ್ಲದ ಶೂ ಕಚ್ಚಿದ ಗಾಯ ಎಲ್ಲವನ್ನೂ ಬೆಳಕಿನಲ್ಲಿ ನೋಡಿ. ಪಾದದ ಹುಣ್ಣಿನಿಂದ ತೊಡೆಸಂದಿಯಲ್ಲಿ ಗಂಟು ಕಟ್ಟಿಕೊಂಡರೂ ಮಗು ಕುಂಟುತ್ತದೆ. ಮುಳ್ಳು, ಮೊಳೆ ಚುಚ್ಚಿದ ಮಗುವಿನ ಧನುರ್ವಾಯು ಲಸಿಕೆ ಯಾವ ಹಂತದಲ್ಲಿದೆ ಎಂದು ತಾಯಿ ಕಾರ್ಡಿನಲ್ಲಿ ನೋಡುವುದನ್ನು ಬಿಡಬೇಡಿ.

3. ಮಂಡಿ ತೋರಿಸುವ ಮಗುವಿನ ಸೊಂಟದ ಕೀಲನ್ನು ನೋಡಿ

ಸೊಂಟದ ಕೀಲಿನ ನೋವು ಎಷ್ಟೋ ಸಲ ಮಂಡಿಯಲ್ಲಿ ಕಾಣಿಸಿಕೊಳ್ಳುತ್ತದೆ. ಎರಡೂ ಜಾಗಕ್ಕೆ ಹೋಗುವ ನರ ಒಂದೇ ಆಗಿರುವುದು ಇದಕ್ಕೆ ಕಾರಣ. ಮಗು ಮಂಡಿ ಮುಟ್ಟಿ ತೋರಿಸುತ್ತದೆ, ಮಂಡಿಯ ಎಕ್ಸ್‌ರೇ ಆಗುತ್ತದೆ, "ಏನೂ ಇಲ್ಲ" ಎಂದು ಮನೆಗೆ ಕಳಿಸುತ್ತಾರೆ. ಕಾಯಿಲೆ ಮೇಲಿನ ಕೀಲಿನಲ್ಲಿ ಬೆಳೆಯುತ್ತಲೇ ಇರುತ್ತದೆ.

ಪರೀಕ್ಷೆ ಸರಳ. ಮಗುವನ್ನು ಅಂಗಾತ ಮಲಗಿಸಿ, ಕಾಲನ್ನು ಚಾಚಿಸಿ, ತೊಡೆಯನ್ನು ಮೆಲ್ಲಗೆ ಒಳಕ್ಕೂ ಹೊರಕ್ಕೂ ಹೊರಳಿಸಿ. ಆಮೇಲೆ ಮಂಡಿ ಮಡಿಸಿ, ತೊಡೆಯನ್ನು ಒಳಕ್ಕೆ ತಿರುಗಿಸಿ. ಚೆನ್ನಾಗಿರುವ ಕಾಲನ್ನು ಮೊದಲು ಮಾಡಿ. ಮಗುವಿಗೆ ಧೈರ್ಯ ಬರುತ್ತದೆ, ನಿಮಗೆ ಹೋಲಿಸಲು ಅಳತೆ ಸಿಗುತ್ತದೆ. ಒಳತಿರುವು ಒಂದು ಕಡೆ ಕಡಿಮೆಯಿದ್ದರೆ ಅಥವಾ ಆಗ ಮಗು ಮುಖ ಕಿವುಚಿದರೆ ತೊಂದರೆ ಸೊಂಟದ ಕೀಲಿನಲ್ಲಿದೆ ಎಂದೇ ತಿಳಿದು ಮುಂದುವರಿಯಿರಿ.

ಇದೇ ರೀತಿ ಹೊಟ್ಟೆಯನ್ನೂ ಮುಟ್ಟಿ ನೋಡಬೇಕು. ಬಲಗಾಲು ಮಡಿಸಿಕೊಂಡು ಬಗ್ಗಿ ನಡೆಯುವ ಮಗುವಿಗೆ ಅಪೆಂಡಿಕ್ಸ್ ಉರಿಯೂತ ಇರಬಹುದು. ಬೆನ್ನುಮೂಳೆಯ ಕ್ಷಯದಿಂದ ಕೀವು ತೊಡೆಯ ಕಡೆ ಇಳಿದಿರಬಹುದು. ಗಂಡುಮಕ್ಕಳಲ್ಲಿ ವೃಷಣ ತಿರುಚಿಕೊಂಡರೂ ಕಾಲಗಲಿಸಿ ಕುಂಟುತ್ತಾರೆ. ನಾಚಿಕೆಯಿಂದ ಹೇಳುವುದಿಲ್ಲ, ನಾವೇ ಕೇಳಬೇಕು. ತಿರುಚಿಕೊಂಡ ವೃಷಣವನ್ನು ಉಳಿಸಿಕೊಳ್ಳಲು ಇರುವ ಸಮಯ ಸುಮಾರು ಆರು ಗಂಟೆ ಮಾತ್ರ.

4. ವಯಸ್ಸು ಗೊತ್ತಾದರೆ ಅರ್ಧ ದಾರಿ ಸಾಗಿದಂತೆ

ಒಂದರಿಂದ ಮೂರು ವರ್ಷ: ನಡೆಯಲು ಕಲಿಯುವಾಗಲೇ ವಾಲಿದರೆ ಹುಟ್ಟಿನಿಂದ ಸೊಂಟದ ಕೀಲು ಜಾರಿರಬಹುದು. ಚೆನ್ನಾಗಿ ನಡೆಯುತ್ತಿದ್ದ ಕೂಸು ಇದ್ದಕ್ಕಿದ್ದಂತೆ ಕಾಲು ಊರದಿದ್ದರೆ ಮಂಡಿಯ ಕೆಳಗಿನ ದೊಡ್ಡ ಮೂಳೆಯಲ್ಲಿ ತಿರುಚು ಬಿರುಕು ಬಿಟ್ಟಿರಬಹುದು. ಸಣ್ಣ ಜಾರುವಿಕೆಯೂ ಅದಕ್ಕೆ ಸಾಕು. ಮೊದಲ ದಿನದ ಎಕ್ಸ್‌ರೇಯಲ್ಲಿ ಈ ಬಿರುಕು ಕಾಣದೆ, ಹತ್ತು ದಿನದ ನಂತರ ಮೂಳೆ ಕೂಡುವಾಗ ಕಾಣುವುದುಂಟು.

ಮೂರರಿಂದ ಹತ್ತು ವರ್ಷ: ನೆಗಡಿ, ಕೆಮ್ಮು ಬಂದುಹೋದ ಮೇಲೆ ಸೊಂಟದ ಕೀಲಿನಲ್ಲಿ ತಾತ್ಕಾಲಿಕವಾಗಿ ನೀರು ತುಂಬುವುದು ಅತಿ ಸಾಮಾನ್ಯ. ತೊಡೆಮೂಳೆಯ ತಲೆಗೆ ರಕ್ತ ಕಡಿಮೆಯಾಗುವ ಪರ್ಥಿಸ್ ಕಾಯಿಲೆ ಬರುವುದೂ ಈ ವಯಸ್ಸಿನಲ್ಲೇ. ಸ್ನಾಯುಕ್ಷಯ (ಮಸ್ಕ್ಯುಲರ್ ಡಿಸ್ಟ್ರೋಫಿ) ಕಾಣಿಸಿಕೊಳ್ಳುವುದೂ ರಕ್ತದ ಕ್ಯಾನ್ಸರ್ ಹೆಚ್ಚಾಗಿ ಬರುವುದೂ ಈ ವಯಸ್ಸಿನ ಮೊದಲರ್ಧದಲ್ಲೇ.

ಹತ್ತರಿಂದ ಹದಿನಾರು ವರ್ಷ: ದಪ್ಪಗಿರುವ ಹುಡುಗನೋ ಹುಡುಗಿಯೋ ಮಂಡಿ, ತೊಡೆ ನೋವೆಂದು ಪಾದ ಹೊರಗೆ ತಿರುಗಿಸಿಕೊಂಡು ಕುಂಟಿದರೆ ತೊಡೆಮೂಳೆಯ ತಲೆ ಬೆಳವಣಿಗೆಯ ಪದರದಲ್ಲಿ ಜಾರಿರುವ ಅನುಮಾನ ಪಡಬೇಕು. ಅಂಥ ಮಗುವನ್ನು ನಡೆಸಿಕೊಂಡು ಬಸ್ ಹತ್ತಿಸಬಾರದು. ಪ್ರತಿ ಹೆಜ್ಜೆಯೂ ಜಾರುವಿಕೆಯನ್ನು ಹೆಚ್ಚಿಸಬಹುದು. ಎತ್ತಿ, ಮಲಗಿಸಿ ಮೂಳೆ ತಜ್ಞರಲ್ಲಿಗೆ ಕಳಿಸಬೇಕು; ಚಿಕಿತ್ಸೆ ಶಸ್ತ್ರಚಿಕಿತ್ಸೆಯೇ.

5. ಜ್ವರವಿದ್ದು ಕಾಲು ಊರದಿದ್ದರೆ ಅವತ್ತೇ ಹೊರಡಬೇಕು

ಈ ಬರಹದಲ್ಲಿ ಒಂದೇ ಪಾಠ ನೆನಪಿಡಿ ಎಂದರೆ ನಾನು ಇದನ್ನೇ ಹೇಳುತ್ತೇನೆ. ಕೀಲಿನೊಳಗೆ ಕೀವಾದರೆ ಮೃದ್ವಸ್ಥಿ ಕರಗಲು ವಾರಗಳು ಬೇಕಿಲ್ಲ, ದಿನಗಳು ಸಾಕು. ಸೊಂಟದ ಕೀಲಿನಲ್ಲಂತೂ ಒಳಗಿನ ಒತ್ತಡ ತೊಡೆಮೂಳೆಯ ತಲೆಗೆ ಹೋಗುವ ರಕ್ತವನ್ನೇ ತಡೆಯುತ್ತದೆ. ಆಮೇಲೆ ಜ್ವರ ಹೋಗಬಹುದು, ಕಾಲು ಮೊದಲಿನಂತಾಗುವುದಿಲ್ಲ.

ಇಂಥ ಮಗು ಕಾಲನ್ನು ಮಡಿಸಿ, ಹೊರಗೆ ಚೆಲ್ಲಿ ಮಲಗಿರುತ್ತದೆ. ಬಟ್ಟೆ ಬದಲಿಸಲು ಹೋದರೂ ಚೀರುತ್ತದೆ. ಎಳೆಗೂಸಾದರೆ ಒಂದು ಕಾಲನ್ನು ಆಡಿಸುವುದೇ ಇಲ್ಲ, ಜ್ವರವೂ ಇಲ್ಲದಿರಬಹುದು. ಹಾಲು ಬಿಡುವುದೇ ಸೂಚನೆ.

1999ರಲ್ಲಿ ಕೋಶರ್ ಮತ್ತು ಸಂಗಡಿಗರು ಬಾಸ್ಟನ್ನಿನಿಂದ ಪ್ರಕಟಿಸಿದ ನಾಲ್ಕು ಅಂಶಗಳ ಲೆಕ್ಕ ಇಂದಿಗೂ ನಮ್ಮ ಕೈಗೆ ಆಗುವಂಥದ್ದು: 38.5 ಡಿಗ್ರಿ ಸೆಲ್ಸಿಯಸ್ ಮೀರಿದ ಜ್ವರ (ಸುಮಾರು 101.3 ಫ್ಯಾರನ್‌ಹೀಟ್), ಕಾಲು ಊರಲಾಗದಿರುವುದು, ರಕ್ತಪರೀಕ್ಷೆಯಲ್ಲಿ ಇಎಸ್‌ಆರ್ 40ಕ್ಕಿಂತ ಹೆಚ್ಚು, ಬಿಳಿ ರಕ್ತಕಣ 12,000ಕ್ಕಿಂತ ಹೆಚ್ಚು. ಅಂಶಗಳು ಕೂಡಿದಷ್ಟೂ ಕೀವಿನ ಸಾಧ್ಯತೆ ಏರುತ್ತದೆ. ಮೊದಲ ಎರಡನ್ನು ಶಾಲೆಯ ಜಗಲಿಯಲ್ಲೇ ನೋಡಬಹುದು. ಅವೆರಡೂ ಇದ್ದರೆ ಉಳಿದೆರಡಕ್ಕಾಗಿ ಮರುದಿನದ ಲ್ಯಾಬ್ ಕಾಯಬೇಡಿ.

ದೂರದ ಲೆಕ್ಕವನ್ನೂ ಮೊದಲೇ ಹಾಕಬೇಕು. ಜಿಲ್ಲಾ ಆಸ್ಪತ್ರೆಯಿರುವ ತುಮಕೂರು ಕೊರಟಗೆರೆಯಿಂದ ಹತ್ತಿರ. ಪಾವಗಡದಿಂದ ಸುಮಾರು 100 ಕಿಲೋಮೀಟರ್; ಆ ತಾಲ್ಲೂಕಿನ ಬಹುಭಾಗವನ್ನು ಆಂಧ್ರ ಸುತ್ತುವರಿದಿದ್ದು, ಎಷ್ಟೋ ಊರಿನವರಿಗೆ ಹಿಂದೂಪುರವೇ ಹತ್ತಿರ. ಗಡಿ ಯಾವುದೆಂದು ನೋಡಬೇಡಿ, ಕೀಲಿನ ಕೀವು ತೆಗೆಯಬಲ್ಲ ಆಸ್ಪತ್ರೆ ಯಾವುದು ಬೇಗ ಸಿಗುತ್ತದೋ ಅಲ್ಲಿಗೆ ಹೋಗಿ. 108ಕ್ಕೆ ಕರೆ ಮಾಡಿ. ಹೊರಡುವಾಗ ದಾರಿಗೆಂದು ಒಂದು ಆಂಟಿಬಯಾಟಿಕ್ ಡೋಸ್ ಕೊಟ್ಟು ಸಮಾಧಾನಪಟ್ಟುಕೊಳ್ಳುವುದು ಬೇಡ. ಕೀಲಿನ ನೀರು ತೆಗೆದು ಕ್ರಿಮಿ ಯಾವುದೆಂದು ಪರೀಕ್ಷೆಗೆ ಕಳಿಸುವ ಮೊದಲು ಅರ್ಧಂಬರ್ಧ ಔಷಧಿ ಬಿದ್ದರೆ ಗುರುತು ಸಿಗುವುದು ಕಷ್ಟ. ಮಗು ತೀರಾ ಸುಸ್ತಾಗಿದ್ದು, ನಂಜು ಮೈಗೇರಿದ ಲಕ್ಷಣವಿದ್ದರೆ ಮಾತ್ರ ಮೊದಲು ಜೀವ. ಆಗ ಔಷಧಿ ತಡಮಾಡಬಾರದು.

6. ಕಾಯುವುದಾದರೆ ಗಡುವು ಹಾಕಿ ಕಾಯಿರಿ

ಜ್ವರವಿಲ್ಲ, ಮಗು ಆಡಿಕೊಂಡಿದೆ, ಊಟ ಮಾಡುತ್ತದೆ, ಕುಂಟುತ್ತಲೇ ಆದರೂ ನಡೆಯುತ್ತದೆ, ಹೋದ ವಾರ ನೆಗಡಿ ಬಂದಿತ್ತು. ಇಂಥ ಐದಾರು ವರ್ಷದ ಮಗುವಿಗೆ ಬಹುಪಾಲು ಬಂದಿರುವುದು ತಾತ್ಕಾಲಿಕ ಉರಿಯೂತ. ವಿಶ್ರಾಂತಿ, ವಯಸ್ಸಿಗೆ ತಕ್ಕ ನೋವಿನ ಔಷಧಿ, ದಿನಕ್ಕೆ ಎರಡು ಸಲ ಜ್ವರ ನೋಡುವುದು ಸಾಕು. ಒಂದೆರಡು ವಾರದಲ್ಲಿ ಸರಿಹೋಗುತ್ತದೆ. ಇಲ್ಲಿ "ನೋಡೋಣ" ಎಂಬ ಮಾತು ಸರಿ.

ಆದರೆ ಆ ಮಾತಿನ ಜೊತೆ ತಾರೀಖು ಇರಬೇಕು. ನಾನು ಚೀಟಿಯ ಮೇಲೆ ಎರಡು ಸಾಲು ಬರೆದುಕೊಡುತ್ತೇನೆ: ಮೂರನೆಯ ದಿನ ಆಶಾ ಕಾರ್ಯಕರ್ತೆಗೆ ತೋರಿಸಿ, ಎರಡು ವಾರ ಕಳೆದೂ ಕುಂಟಿದರೆ ಎರಡೂ ಸೊಂಟದ ಕೀಲಿನ ಎಕ್ಸ್‌ರೇ ಆಗಲೇಬೇಕು. ನಡುವೆ ಜ್ವರ ಬಂದರೆ ಗಡುವು ಅಲ್ಲಿಗೇ ಮುಗಿಯಿತು, ಅವತ್ತೇ ಹೊರಡಬೇಕು.

ಗಡುವು ಯಾಕೆ ಎಂಬುದಕ್ಕೆ ಪರ್ಥಿಸ್ ಕಾಯಿಲೆಯೇ ಉತ್ತರ. ತೊಡೆಮೂಳೆಯ ತಲೆಗೆ ರಕ್ತ ಕಡಿಮೆಯಾಗಿ, ಅದು ಸೊರಗಿ, ಮೆತ್ತಗಾಗಿ, ಮತ್ತೆ ಗಟ್ಟಿಯಾಗಲು ವರ್ಷಗಳು ಹಿಡಿಯುತ್ತವೆ. 1910ರ ಸುಮಾರಿಗೆ ಲೆಗ್, ಕಾಲ್ವೆ, ಪರ್ಥಿಸ್ ಮೂವರೂ ಬೇರೆ ಬೇರೆಯಾಗಿ ಇದನ್ನು ವರ್ಣಿಸಿದರು. ನಮ್ಮ ರಾಜ್ಯದಲ್ಲಿ ಇದರ ಬಗ್ಗೆ ದೊಡ್ಡ ಕೆಲಸ ಆಗಿರುವುದು ಮಣಿಪಾಲದಲ್ಲಿ. ಡಾ. ಬೆಂಜಮಿನ್ ಜೋಸೆಫ್ ಮತ್ತು ಅವರ ತಂಡದ 1988ರ ಅಧ್ಯಯನ ಕರಾವಳಿಯ ಗ್ರಾಮೀಣ ಮಕ್ಕಳಲ್ಲಿ ಇದು ಹೆಚ್ಚೆಂದು ತೋರಿಸಿತು. ಗಂಡುಮಕ್ಕಳಿಗೆ ನಾಲ್ಕು ಪಟ್ಟು ಹೆಚ್ಚು. ಬೇಗ ಸಿಕ್ಕರೆ ಮೂಳೆಯ ತಲೆ ದುಂಡಗೆ ಉಳಿಯುವಂತೆ ನೋಡಿಕೊಳ್ಳಬಹುದು, ತಡವಾದರೆ ಚಪ್ಪಟೆಯಾಗಿ ನಡುವಯಸ್ಸಿಗೇ ಕೀಲು ಸವೆಯುತ್ತದೆ. ನೋವು ಬಂದು ಹೋಗಿ ಮಾಡುವುದರಿಂದ ಮನೆಯವರಿಗೆ ವಾಸಿಯಾದಂತೆ ಕಾಣುತ್ತದೆ. ಗಡುವು ಇಲ್ಲದಿದ್ದರೆ ಹೀಗೆ ತಿಂಗಳುಗಳೇ ಕಳೆದುಹೋಗುತ್ತವೆ.

7. ಬಿದ್ದ ಕಥೆ ಕೇಳಿ, ಅಲ್ಲಿಗೇ ನಿಲ್ಲಬೇಡಿ

ಮಕ್ಕಳು ದಿನವೂ ಬೀಳುತ್ತಾರೆ. ಹಾಗಾಗಿ ಯಾವ ಕುಂಟಿಗೂ ಒಂದು ಬಿದ್ದ ಕಥೆ ಹೊಂದುತ್ತದೆ. ಕೀಲಿನ ಕೀವು, ಕ್ಷಯ, ರಕ್ತದ ಕ್ಯಾನ್ಸರ್ ಮೂರೂ ಇಂಥ ಕಥೆಯ ಹಿಂದೆ ಅಡಗಿ ಬರುತ್ತವೆ. ಬಿದ್ದ ದಿನದಿಂದಲೇ ಶುರುವಾಯಿತೇ, ಬಿದ್ದ ಮೇಲೆ ಕೆಲವು ದಿನ ಚೆನ್ನಾಗಿ ಓಡಾಡಿತ್ತೇ ಎಂದು ಬಿಡಿಸಿ ಕೇಳಬೇಕು.

ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು, ಬಿಳಿಚಿದ ಕಣ್ಣು, ಮೈಮೇಲೆ ಕಾರಣವಿಲ್ಲದ ನೀಲಿ ಕಲೆ, ಇಳಿಯುತ್ತಿರುವ ತೂಕ, ಕುತ್ತಿಗೆಯಲ್ಲಿ ಗಂಟು ಕಂಡರೆ ಪೂರ್ತಿ ರಕ್ತಕಣದ ಎಣಿಕೆ ಮತ್ತು ಸ್ಮಿಯರ್ ಪರೀಕ್ಷೆ ಆಗಲೇಬೇಕು. ಕಾರಣ ತಿಳಿಯುವ ಮೊದಲು ಕೀಲುನೋವಿಗೆಂದು ಸ್ಟೆರಾಯ್ಡ್ ಸೂಜಿ ಚುಚ್ಚುವುದು ಅಪಾಯ. ರಕ್ತದ ಕ್ಯಾನ್ಸರನ್ನು ಅದು ಕೆಲವು ಕಾಲ ಮರೆಮಾಡಿ, ಮುಂದಿನ ಚಿಕಿತ್ಸೆಯನ್ನು ಕಷ್ಟವಾಗಿಸುತ್ತದೆ. ಮಕ್ಕಳ ರಕ್ತದ ಕ್ಯಾನ್ಸರ್ ಎಂದರೆ ಎಲ್ಲ ಮುಗಿಯಿತು ಎಂದಲ್ಲ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂಥ ಕಡೆ ಚಿಕಿತ್ಸೆಯನ್ನು ಪೂರ್ತಿ ಮಾಡಿಸಿದ ಎಷ್ಟೋ ಮಕ್ಕಳು ಗುಣವಾಗಿ ಶಾಲೆಗೆ ಮರಳುತ್ತಾರೆ.

ಉಳುಕು ನೀವಿಸುವುದು, ನಾಟಿ ಕಟ್ಟು ಹಾಕಿಸುವುದು ನಮ್ಮಲ್ಲಿ ವಾಡಿಕೆ. ಆಂಧ್ರದ ಪುತ್ತೂರು ಕಟ್ಟಿನ ಹೆಸರು ಗಡಿಯ ಈಚೆಗೂ ದೊಡ್ಡದು. ಜನರ ನಂಬಿಕೆಯನ್ನು ಹೀಯಾಳಿಸಿ ಏನೂ ಸಾಧಿಸಲಾಗದು. ಮೂರು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಜ್ವರವಿರುವ, ಊದಿ ಬಿಸಿಯಾಗಿರುವ ಕಾಲನ್ನು ಯಾರಿಂದಲೂ ನೀವಿಸಬೇಡಿ. ಎಕ್ಸ್‌ರೇ ಆಗದೆ ಕಟ್ಟು ಹಾಕಿಸಬೇಡಿ. ಕಟ್ಟು ಹಾಕಿದ ಮೇಲೆ ಬೆರಳು ತಣ್ಣಗಾದರೆ, ನೀಲಿಗಟ್ಟಿದರೆ, ಜೋಮು ಹಿಡಿದರೆ, ನೋವು ಏರುತ್ತಲೇ ಹೋದರೆ ರಾತ್ರಿಯಾದರೂ ಸರಿ ಅದನ್ನು ಬಿಚ್ಚಿಸಿ ಆಸ್ಪತ್ರೆಗೆ ಬನ್ನಿ.

ಇನ್ನೂ ನಡೆಯದ ಕೂಸಿನ ಕಾಲು ಮುರಿದಿದ್ದರೆ, ಹೇಳುವ ಕಥೆ ಪ್ರತಿ ಸಲ ಬದಲಾದರೆ ಆ ಮಗು ಮನೆಯಲ್ಲಿ ಸುರಕ್ಷಿತವೇ ಎಂಬ ಪ್ರಶ್ನೆಯೂ ನಮ್ಮದೇ. ಮಕ್ಕಳ ಸಹಾಯವಾಣಿ 1098 ಇರುವುದು ಇದಕ್ಕೆ.

8. ನೋವಿಲ್ಲದ ಕುಂಟಿಗೂ ಅಷ್ಟೇ ಗೌರವ ಕೊಡಿ

ನೋವಿದ್ದರೆ ಮಗು ಅಳುತ್ತದೆ, ಮನೆಯವರು ಹೊರಡುತ್ತಾರೆ. ನೋವಿಲ್ಲದಿದ್ದರೆ "ಅವಳ ನಡಿಗೆಯೇ ಹಾಗೆ" ಎಂದು ವರ್ಷಗಳು ಉರುಳುತ್ತವೆ.

ಹುಟ್ಟಿನಿಂದ ಜಾರಿದ ಸೊಂಟದ ಕೀಲು ಮೊದಲ ತಿಂಗಳುಗಳಲ್ಲಿ ಸಿಕ್ಕರೆ ಪಟ್ಟಿ ಕಟ್ಟಿಯೇ ಸರಿಪಡಿಸಬಹುದು, ನಡೆಯುವ ವಯಸ್ಸು ದಾಟಿದರೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಕಾಲು ಮೊದಲಾಗಿ ಹುಟ್ಟಿದ ಕೂಸು, ಮೊದಲ ಹೆಣ್ಣುಕೂಸು, ಮನೆಯಲ್ಲಿ ಇಂಥವರಿದ್ದ ಕೂಸು ಇವರನ್ನು ವಿಶೇಷವಾಗಿ ನೋಡಿ. ಮಂಡಿ ಮಡಿಸಿ ಮಲಗಿಸಿದಾಗ ಒಂದು ಮಂಡಿ ಕೆಳಗಿದೆಯೇ, ಒಂದು ತೊಡೆ ಪೂರ್ತಿ ಅಗಲವಾಗುವುದಿಲ್ಲವೇ ಎಂದು ತಾಯಿಯೇ ಗಮನಿಸಬಹುದು. ಎರೆದಾದ ಮೇಲೆ ಕೂಸಿನ ಕಾಲೆರಡನ್ನೂ ನೇರ ಮಾಡಿ ಬಿಗಿಯಾಗಿ ಸುತ್ತುವುದು ಈ ಕೀಲಿಗೆ ಒಳ್ಳೆಯದಲ್ಲ, ಕಾಲು ಮಡಿಸಿ ಅಗಲಿಸಲು ಜಾಗ ಬಿಟ್ಟು ಸುತ್ತಬೇಕು. ನಮ್ಮ ಹೆಂಗಸರು ಮಗುವನ್ನು ಸೊಂಟದ ಮೇಲೆ ಕಾಲಗಲಿಸಿ ಕೂರಿಸಿ ಎತ್ತಿಕೊಳ್ಳುವ ರೀತಿ ಅದೇ ಕೀಲಿಗೆ ಬಹಳ ಒಳ್ಳೆಯದು.

ಪಂಕ್ತಿಯಲ್ಲಿ ಊಟಕ್ಕೆ ಕೂತ ಹುಡುಗ ಏಳುವಾಗ ಕೈಯನ್ನು ಮೊದಲು ನೆಲಕ್ಕೆ, ಆಮೇಲೆ ಮಂಡಿಗೆ, ತೊಡೆಗೆ ಊರಿ ತನ್ನ ಮೈಯನ್ನೇ ಹತ್ತಿದಂತೆ ಏಳುತ್ತಿದ್ದರೆ, ಮೀನಖಂಡ ದಪ್ಪಗೆ ಕಂಡರೆ, ಅದು ಸ್ನಾಯುಕ್ಷಯದ ಸೂಚನೆ. ಸಿಪಿಕೆ ಎಂಬ ರಕ್ತಪರೀಕ್ಷೆಯಿಂದ ಶುರುಮಾಡಬಹುದು. ತಾಯಿಯ ಅಣ್ಣತಮ್ಮಂದಿರಿಗೆ ಹೀಗಿತ್ತೇ ಎಂದೂ ಕೇಳಬೇಕು. ಮುಂದಿನ ಮಗುವಿನ ಯೋಚನೆಗೆ ಆ ಉತ್ತರ ಮುಖ್ಯ.

ಇದ್ದಕ್ಕಿದ್ದಂತೆ ಕಾಲು ಸೋತು ಜೋತುಬಿದ್ದರೆ ವಿಷಯವೇ ಬೇರೆ. ಭಾರತದಲ್ಲಿ ಪೋಲಿಯೊದ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ. 2014ರ ಮಾರ್ಚ್‌ನಲ್ಲಿ ಪೋಲಿಯೊ ಮುಕ್ತ ಪ್ರಮಾಣಪತ್ರ ಸಿಕ್ಕಿತು. ಆ ಸ್ಥಿತಿ ಉಳಿಯಬೇಕೆಂದರೆ 15 ವರ್ಷದೊಳಗಿನ ಇಂಥ ಪ್ರತಿ ಮಗುವಿನ ಸುದ್ದಿಯೂ ತಕ್ಷಣ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಬೇಕು, 14 ದಿನದೊಳಗೆ ಎರಡು ಮಲದ ಮಾದರಿ ಸಂಗ್ರಹವಾಗಬೇಕು. ಪೃಷ್ಠಕ್ಕೆ ಸೂಜಿ ಚುಚ್ಚಿದ ಕೂಡಲೇ ಪಾದ ಜೋತುಬಿದ್ದಿದ್ದರೆ ನರಕ್ಕೆ ಪೆಟ್ಟಾಗಿರಬಹುದು. ಸಣ್ಣ ಮಕ್ಕಳಿಗೆ ಸೂಜಿ ಬೇಕೇ ಬೇಕೆಂದಾಗ ತೊಡೆಯ ಹೊರಭಾಗವೇ ಸರಿಯಾದ ಜಾಗ. ಜ್ವರಕ್ಕೆಲ್ಲ "ಒಂದು ಸೂಜಿ ಹಾಕಿ ಸಾರ್" ಎಂದು ಕೇಳುವ ಅಭ್ಯಾಸ ಬಿಡಬೇಕು.

9. ನೀರನ್ನು ನೋಡಿ, ಆದರೆ ಎಲ್ಲವನ್ನೂ ನೀರಿನ ತಲೆಗೆ ಕಟ್ಟಬೇಡಿ

ನಮ್ಮ ತಾಲ್ಲೂಕುಗಳಿಗೆ, ಅದರಲ್ಲೂ ಪಾವಗಡಕ್ಕೆ ಫ್ಲೋರೈಡ್ ಹಳೆಯ ಶತ್ರು. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಒಂದು ಲೀಟರಿನಲ್ಲಿ 1 ಮಿಲಿಗ್ರಾಂ ಫ್ಲೋರೈಡ್ ಇರಬಹುದು. ಬೇರೆ ನೀರು ಸಿಗದಿದ್ದರೆ 1.5ರವರೆಗೆ. ಗ್ರಾನೈಟ್ ಬಂಡೆಯ ಆಳಕ್ಕೆ ಇಳಿದ ಎಷ್ಟೋ ಕೊಳವೆಬಾವಿಗಳ ನೀರು ಈ ಮಿತಿಯನ್ನು ದಾಟುತ್ತದೆ. ಮಕ್ಕಳ ಹಲ್ಲಿನ ಮೇಲೆ ಸುಣ್ಣದಂಥ ಬಿಳಿ ಮಚ್ಚೆ, ಆಮೇಲೆ ಹಳದಿ, ಕಂದು ಗೆರೆ ಮೂಡುತ್ತವೆ. ಕೆಲವರಿಗೆ ಮಂಡಿಗಳು ಒಳಕ್ಕೆ ಬಾಗಿ ಒಂದಕ್ಕೊಂದು ತಾಗುತ್ತವೆ. 1970ರ ದಶಕದಲ್ಲಿ ಹೈದರಾಬಾದಿನ ವಿಜ್ಞಾನಿಗಳು ಫ್ಲೋರೈಡ್ ಪ್ರದೇಶದ ಹದಿಹರೆಯದವರಲ್ಲಿ ಇದನ್ನು ವರ್ಣಿಸಿದರು. ಆಹಾರದಲ್ಲಿ ಕ್ಯಾಲ್ಸಿಯಂ ಕಡಿಮೆಯಾದಷ್ಟೂ ಫ್ಲೋರೈಡಿನ ಪೆಟ್ಟು ಜೋರು.

ಅಳೆಯುವ ರೀತಿ ಹೀಗೆ: ಮಂಡಿಗಳನ್ನು ತಾಗಿಸಿ ನಿಲ್ಲಿಸಿ, ಪಾದದ ಒಳಗೆಣ್ಣುಗಳ ನಡುವಿನ ಅಂತರ ನೋಡಿ. ಮೂರು ನಾಲ್ಕು ವರ್ಷದ ಮಗುವಿಗೆ ಒಂದಿಷ್ಟು ಅಂತರ ಸಹಜ, ಏಳರ ಹೊತ್ತಿಗೆ ಅದು ತಾನೇ ಸರಿಯಾಗುತ್ತದೆ. ಏಳು ದಾಟಿಯೂ ಅಂತರ 8 ಸೆಂಟಿಮೀಟರಿಗಿಂತ ಹೆಚ್ಚಿದ್ದರೆ, ಅಥವಾ ಒಂದೇ ಕಾಲು ಬಾಗಿದ್ದರೆ ತಜ್ಞರಿಗೆ ತೋರಿಸಬೇಕು. ಮುಂಗೈ ಗಂಟು ದಪ್ಪಗಿದ್ದರೆ ವಿಟಮಿನ್ ಡಿ ಕೊರತೆಯ ರಿಕೆಟ್ಸ್ ಅನ್ನೂ ಪರೀಕ್ಷಿಸಬೇಕು.

ಶುದ್ಧ ನೀರಿನ ಘಟಕದಿಂದ ಕ್ಯಾನ್ ತಂದು ಕುಡಿಯುವ ಮನೆಯಲ್ಲೂ ಮುದ್ದೆ, ಸಾರು, ಕಾಫಿಗೆ ಕೊಳವೆಬಾವಿಯ ನೀರೇ ಬಳಕೆಯಾಗುತ್ತಿರುತ್ತದೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಸಾಂದ್ರವಾಗುತ್ತದೆ. ಆದ್ದರಿಂದ ಅಡುಗೆಗೂ ಶುದ್ಧ ನೀರೇ ಬೇಕು. ಶಾಲೆಯಲ್ಲಿ ಕೊಡುವ ಹಾಲು, ಮನೆಯ ರಾಗಿ ಇವು ಮೂಳೆಗೆ ಆಸರೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅನ್ನದ ಕಡೆ ವಾಲುತ್ತಿರುವ ಮನೆಗಳಿಗೆ ಇದನ್ನು ಒತ್ತಿ ಹೇಳುತ್ತೇನೆ.

ಆದರೂ ಹಲ್ಲಿನಲ್ಲಿ ಕಲೆಯಿರುವ ಮಗು ಕುಂಟಿದ ಮಾತ್ರಕ್ಕೆ ಫ್ಲೋರೈಡೇ ಕಾರಣ ಎನ್ನಲಾಗದು. ಹಲ್ಲಿನ ಕಲೆ ಇಲ್ಲಿ ಎಷ್ಟೋ ಮಕ್ಕಳಿಗಿದೆ. ಸಾಗರ ತಾಲ್ಲೂಕಿನ ಹಂದಿಗೋಡಿನ ಕಥೆ ಈ ಎಚ್ಚರಿಕೆಯನ್ನು ಕಲಿಸುತ್ತದೆ. 1970ರ ದಶಕದ ಮಧ್ಯದಲ್ಲಿ ಅಲ್ಲಿ ಹಲವರಿಗೆ ಸೊಂಟ, ಮಂಡಿಯ ಕೀಲು ಸವೆದು ನಡೆಯಲಾಗದಂತಾದಾಗ ಗದ್ದೆಯ ಏಡಿಯ ಮೂಲಕ ಮೈಸೇರಿದ ಕೀಟನಾಶಕದ ಮೇಲೆ ಮೊದಲ ಅನುಮಾನ ಹೋಗಿತ್ತು. ಮುಂದಿನ ಅಧ್ಯಯನಗಳು ಅದನ್ನು ಮನೆತನದಲ್ಲಿ ಇಳಿದು ಬರುವ ಮೂಳೆಯ ಕಾಯಿಲೆಯೆಂದು ಗುರುತಿಸಿದವು. ಊರಿನಲ್ಲಿ ಹಲವರು ಕುಂಟಿದರೆ ನೀರನ್ನೂ ಕೇಳಿ, ಮನೆತನವನ್ನೂ ಕೇಳಿ. ನಿಮ್ಮ ಮುಂದಿರುವ ಮಗುವನ್ನು ಮಾತ್ರ ಮೊದಲಿನಿಂದ ಪರೀಕ್ಷಿಸಿ.

10. ಬೆಳೆಯುವ ನೋವು ಕುಂಟಿಸುವುದಿಲ್ಲ

ಸಂಜೆ ಅಥವಾ ರಾತ್ರಿ ಎರಡೂ ಕಾಲು ಸೆಳೆಯುತ್ತವೆ, ಅಮ್ಮ ಒತ್ತಿದರೆ ನಿದ್ದೆ ಬರುತ್ತದೆ, ಬೆಳಿಗ್ಗೆ ಎದ್ದು ಓಡುತ್ತದೆ. ಇದು ಬೆಳೆಯುವ ನೋವು, ಹೆದರಬೇಕಿಲ್ಲ. ಒಂದೇ ಕಾಲು, ಒಂದೇ ಜಾಗ, ಊತ, ಹಗಲಲ್ಲೂ ಕುಂಟು ಇವುಗಳಲ್ಲಿ ಯಾವುದಿದ್ದರೂ ಆ ಹೆಸರು ಕೊಡಬಾರದು. ಬೆಳಿಗ್ಗೆ ಎದ್ದಾಗ ಕೀಲು ಬಿಗಿದು, ಬಿಸಿಲೇರಿದಂತೆ ಸಡಿಲವಾಗಿ, ಆರು ವಾರ ಮೀರಿ ಊದಿದ್ದರೆ ಮಕ್ಕಳ ಸಂಧಿವಾತ ಇರಬಹುದು. ಅಂಥ ಮಗುವಿನ ಕಣ್ಣನ್ನೂ ಪರೀಕ್ಷೆ ಮಾಡಿಸಬೇಕು. ಕಣ್ಣು ಕೆಂಪಾಗದೆಯೇ ಒಳಗೆ ಉರಿಯೂತವಾಗಿ ದೃಷ್ಟಿ ಹೋಗುವ ಅಪಾಯವಿದೆ.

11. ಕಳಿಸುವುದೆಂದರೆ ಚೀಟಿ ಕೊಟ್ಟು ಕೈತೊಳೆಯುವುದಲ್ಲ

ತುಮಕೂರಿಗೋ ಬೆಂಗಳೂರಿನ ಸಂಜಯ್ ಗಾಂಧಿ ಮೂಳೆ ಆಸ್ಪತ್ರೆಗೋ ಇಂದಿರಾಗಾಂಧಿ ಮಕ್ಕಳ ಆಸ್ಪತ್ರೆಗೋ ಹೋಗಿ ಎಂದು ಹೇಳುವುದು ಸುಲಭ. ಹೋಗುವವರಿಗೆ ಒಂದು ದಿನದ ಕೂಲಿ ಹೋಗುತ್ತದೆ, ಮನೆಯಲ್ಲಿ ದನಕರು ನೋಡುವವರಿಲ್ಲ, ಯಾವ ಕೌಂಟರಿಗೆ ಹೋಗಬೇಕೆಂದು ತಿಳಿಯದು. ಆದ್ದರಿಂದ ಚೀಟಿಯಲ್ಲಿ ನಾಲ್ಕು ವಿಷಯ ಸ್ಪಷ್ಟವಾಗಿರಬೇಕು: ಕುಂಟು ಶುರುವಾದ ತಾರೀಖು, ನೀವು ಕಂಡದ್ದು, ನೀವು ಅನುಮಾನಿಸುವ ಕಾಯಿಲೆ, ಆಗಲೇಬೇಕಾದ ಪರೀಕ್ಷೆ. "ಕಾಲುನೋವು, ಪರೀಕ್ಷಿಸಿ" ಎಂಬ ಒಂದೇ ಸಾಲಿನ ಚೀಟಿಯಿಂದ ಉಪಯೋಗವಿಲ್ಲ. ಎಕ್ಸ್‌ರೇ ಕೇಳುವಾಗ ಎರಡೂ ಕಡೆಯ ಸೊಂಟದ ಕೀಲು, ನೇರವಾಗಿ ಒಂದು, ಕಪ್ಪೆಯಂತೆ ಕಾಲಗಲಿಸಿ ಒಂದು ಎಂದು ಬರೆಯಿರಿ. ಪರ್ಥಿಸ್ ಮತ್ತು ಜಾರುವಿಕೆ ಎರಡನೆಯದರಲ್ಲೇ ಮೊದಲು ಕಾಣುವುದು. ತೊಡೆಮೂಳೆ ಜಾರಿ ಕಾಲೂರಲೂ ಆಗದ ಮಗುವಿಗೆ ಮಾತ್ರ ಹಾಗೆ ಕಾಲಗಲಿಸಬಾರದು.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಗೆ ಬೇಕಾದ ರೇಷನ್ ಕಾರ್ಡ್, ಆಧಾರ್ ಜೊತೆಗಿರಲಿ ಎಂದು ಹೊರಡುವ ಮೊದಲೇ ಹೇಳಿ. ಪಾವಗಡದ ಎಷ್ಟೋ ಮನೆಗಳಲ್ಲಿ ಆಡುಮಾತು ತೆಲುಗು. ಅವರಿಗೆ ಅರ್ಥವಾಗುವ ಮಾತಿನಲ್ಲಿ ಹೇಳಿ, ಹೇಳಿದ್ದನ್ನು ಅವರಿಂದಲೇ ಮತ್ತೊಮ್ಮೆ ಹೇಳಿಸಿ. ಆಮೇಲೆ ಮುಖ್ಯೋಪಾಧ್ಯಾಯರ ಬಳಿ ಆ ಮಗುವಿನ ಹೆಸರು ಬರೆದಿಟ್ಟು, ಹೋದರೇ, ಏನಾಯಿತು ಎಂದು ವಿಚಾರಿಸಿ. ಹೀಗೆ ಬೆನ್ನುಹತ್ತಿ ಕೇಳುವವರೊಬ್ಬರಿದ್ದರೆ ಚಿಕಿತ್ಸೆ ಮುಗಿಯುವವರೆಗೆ ನಡೆಯುತ್ತದೆ.

12. ಚಿಕಿತ್ಸೆ ನಡೆಯುವಾಗಲೂ ಅದು ಶಾಲೆಯ ಮಗು

ಪಟ್ಟಿ, ಪ್ಲಾಸ್ಟರ್, ಊರುಗೋಲು ಹೊತ್ತು ಬಂದ ಮಗುವನ್ನು "ಕುಂಟ" ಎಂದು ಕರೆಯುವುದನ್ನು ಮೊದಲ ದಿನವೇ ನಿಲ್ಲಿಸಬೇಕು. ನೆಲದ ಮೇಲೆ ಕೂರಲಾಗದವರಿಗೆ ಕುರ್ಚಿ, ಮೆಟ್ಟಿಲು ಹತ್ತಲಾಗದವರಿಗೆ ಕೆಳಗಿನ ಕೊಠಡಿ, ಶೌಚಾಲಯಕ್ಕೆ ಹಿಡಿಕೆ, ಆಟದ ಪೀರಿಯಡ್‌ನಲ್ಲಿ ಅಂಪೈರ್ ಕೆಲಸ ಕೊಡಲು ದೊಡ್ಡ ಅನುದಾನ ಬೇಕಿಲ್ಲ. ಕೊನೆಗೂ ಪೂರ್ತಿ ಸರಿಹೋಗದ ಕಾಲುಗಳಿರುತ್ತವೆ. ಆ ಮಕ್ಕಳಿಗೆ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು, ಸಾಧನ ಸಲಕರಣೆ, ಅಂಗವಿಕಲತೆಯ ಗುರುತಿನ ಚೀಟಿ ಸಿಗುವುದು ಹಕ್ಕು.

ಶಿಕ್ಷಕರಲ್ಲಿ, ಅಂಗನವಾಡಿಯ ಅಕ್ಕಂದಿರಲ್ಲಿ ನನ್ನದೊಂದು ಕೋರಿಕೆ. ತಪಾಸಣೆಯ ತಂಡ ಬರುವುದು ವರ್ಷಕ್ಕೊಮ್ಮೆಯೋ ಎರಡು ಸಲವೋ, ಅದಕ್ಕಾಗಿ ಕಾಯಬೇಡಿ. ಮಗು ಕುಂಟಿದ ದಿನವೇ ಮೂರು ಪ್ರಶ್ನೆ ಕೇಳಿ: ಜ್ವರ ಇದೆಯೇ? ಕಾಲು ಊರುತ್ತದೆಯೇ? ಎಷ್ಟು ದಿನವಾಯಿತು? ಜ್ವರವಿದ್ದು ಕಾಲು ಊರದಿದ್ದರೆ ಅವತ್ತೇ ಕಳಿಸಿ. ಜ್ವರವಿಲ್ಲದಿದ್ದರೂ ಕಾಲೇ ಊರದ ಮಗುವನ್ನು ಅವತ್ತೇ ವೈದ್ಯರಿಗೆ ತೋರಿಸಿ. ಎರಡು ವಾರ ಮೀರಿದ್ದರೆ ಎಕ್ಸ್‌ರೇ ಆಗುವವರೆಗೆ ಮನೆಯವರನ್ನು ಬಿಡಬೇಡಿ. ಇಷ್ಟು ಮಾಡಿದರೆ ನಮ್ಮ ನಾಲ್ಕು ತಾಲ್ಲೂಕಿನಲ್ಲಿ ತಪ್ಪಿಸಬಹುದಾದ ಊನಗಳಲ್ಲಿ ಬಹುಪಾಲನ್ನು ಶಾಲೆಯ ಜಗಲಿಯಲ್ಲೇ ತಪ್ಪಿಸಬಹುದು.